ಶೂನ್ಯಶಬ್ದದ ವಿಚಾರ



ಮಠವು ಪೂಜೆಯ ಸ್ಥಾನವಾಗಿರುವಂತೆ ವಿಚಾರದ ಸ್ಥಾನವೂ ಆಗಿರುವುದು. ಹಳಿಯಾಳ, ದಾಂಡೇಲಿ, ಜೋಯಿಡಾ ಸೀಮೆಯವರಿಗೆ ಇದಕ್ಕೆ ದೂರದ ದೃಷ್ಟಾಂತವು ಬೇಕಿಲ್ಲ. 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರು ಮುಂಡಗೋಡದಲ್ಲಿ ನೆಲೆಗೊಂಡರಷ್ಟೆ. ಅಲ್ಲಿಯ ಡ್ರೆಪುಂಗ್ ಮಠದಲ್ಲಿ 2013ನೆಯ ಜನವರಿ 17ರಿಂದ 22ರವರೆಗೆ, ದಲಾಯಿ ಲಾಮಾರವರ ಸಮಕ್ಷಮದಲ್ಲಿ, ಭಿಕ್ಷುಗಳೂ ವಿಜ್ಞಾನಿಗಳೂ ಕೂಡಿ ಸಂವಾದ ನಡೆಸಿದರು. ಅಮೆರಿಕದ ಆರ್ಥರ್ ಜಾಯನ್ಸ್, ಫ್ರಾನ್ಸಿನ ಮಿಶೆಲ್ ಬಿತ್ಬೋಲ್ ಇವರು ಕ್ವಾಂಟಂ ಭೌತಶಾಸ್ತ್ರದ ವಿಷಯವನ್ನು ಪ್ರತಿಪಾದಿಸಿದರು.

ಇಂಥ ಸಂವಾದದಲ್ಲಿ ಮೊದಲು ತಡೆಯುವ ತೊಡಕು ಶಬ್ದದ್ದು. 'ಶೂನ್ಯ'ವೆಂಬ ಮಾತನ್ನೇ ಪರೀಕ್ಷಿಸಬಹುದು.

ಒಂದು ಪಾತ್ರೆಯಿಂದ ಗಾಳಿಯನ್ನೆಲ್ಲ ತೆಗೆದರೆ ಉಳಿಯುವುದು ಬರಿದೆಂದು ಲೋಕವು ತಿಳಿಯುವುದು. ಭೌತಶಾಸ್ತ್ರಜ್ಞರು ಹಾಗೆನ್ನುವುದಿಲ್ಲ. ಅತಿಪ್ರಬಲವಾದ ವಿದ್ಯುತ್ಕ್ಷೇತ್ರವಿದ್ದಲ್ಲಿ ಆ ಬರಿದಿನಿಂದಲೇ ಎಲೆಕ್ಟ್ರಾನೂ ಅದರ ಪ್ರತಿಕಣವಾದ ಪಾಸಿಟ್ರಾನೂ ಜೋಡಿಯಾಗಿ ಹುಟ್ಟಬೇಕೆಂದು ಅವರ ಗಣಿತವು ಹೇಳುವುದು. ಸೌಟರ್ 1931ರಲ್ಲಿ ಇದರ ಬೀಜವನ್ನು ಕಂಡನು; ಹೈಸನ್‌ಬರ್ಗ್ ಮತ್ತು ಆಯ್ಲರ್ 1936ರಲ್ಲಿ ಬೆಳೆಸಿದರು; ಶ್ವಿಂಗರ್ 1951ರಲ್ಲಿ ಪೂರ್ಣರೂಪವನ್ನು ಕೊಟ್ಟನು. ಬೇಕಾದ ಬಲವೆಷ್ಟು? ಕಾಳೀನದಿಯ ಜಲದಿಂದ ಹುಟ್ಟಿದ ವಿದ್ಯುತ್ತನ್ನು ಹೊತ್ತೊಯ್ಯುವ ತಂತಿಗಳಲ್ಲಿ ವೋಲ್ಟುಗಳ ಎಣಿಕೆ ಲಕ್ಷಗಳಲ್ಲಿರುವುದು. ಇಲ್ಲಿಯಾದರೋ ಒಂದೊಂದು ಮೀಟರಿಗೆ, ಒಂದರ ಮುಂದೆ 18 ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತಲೂ ಅಧಿಕ ವೋಲ್ಟು ಬೇಕು. ಇದನ್ನು ನೇರವಾಗಿ ಸಾಧಿಸಿದ ಪ್ರಯೋಗಶಾಲೆಯಿಲ್ಲ. ಆದರೂ 1997ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಪ್ರಯೋಗಕಾರರು, ವೇಗದ ಎಲೆಕ್ಟ್ರಾನುಗಳನ್ನು ಲೇಸರ್ ಕಿರಣಕ್ಕೆ ಎದುರುಗೊಳಿಸಿ, ಬೆಳಕಿಗೆ ಬೆಳಕು ತಾಗಿ ಇಂಥ ಜೋಡಿಗಳು ಹುಟ್ಟಿದುದನ್ನು ಪ್ರಕಟಿಸಿದರು.

ಇದನ್ನು ಕೇಳಿದೊಡನೆ 'ಶರಣರು ಬಯಲೆಂದುದು ಇದೇ. ನಾಗಾರ್ಜುನನು ಶೂನ್ಯವೆಂದುದೂ ಇದೇ' ಎಂದು ಹಿಗ್ಗುವವರುಂಟು. ಹಿಗ್ಗು ಸಹಜ, ನಿರ್ಣಯವು ಅವಸರದ್ದು. ಭೌತಶಾಸ್ತ್ರದ ಶೂನ್ಯವು ಅಳತೆಗೆ ಸಿಕ್ಕುವಂಥದು; ಅದಕ್ಕೆ ಸಮೀಕರಣವುಂಟು, ತಪ್ಪಾದರೆ ಪ್ರಯೋಗವೇ ಅದನ್ನು ತಳ್ಳಿಹಾಕುವುದು. ನಾಗಾರ್ಜುನನ ಶೂನ್ಯತೆಯು, ಯಾವ ವಸ್ತುವೂ ಅನ್ಯಾಪೇಕ್ಷೆಯಿಲ್ಲದೆ ತಾನೇ ತಾನಾಗಿ ಇಲ್ಲವೆಂಬ ವಿವೇಕ. ಶರಣರ ಬಯಲೋ, ಅಳೆಯುವವನೇ ಉಳಿಯದ ಅನುಭಾವ. ಮಾತು ಒಂದಾದ ಮಾತ್ರಕ್ಕೆ ಅರ್ಥವು ಒಂದಾಗದು. ವಿಜ್ಞಾನದ ಸಾಕ್ಷಿಯಿಂದ ಅನುಭಾವವನ್ನು ಎತ್ತಿ ನಿಲ್ಲಿಸಹೊರಟರೆ, ನಾಳೆ ಆ ಸಿದ್ಧಾಂತವು ತಿದ್ದಲ್ಪಟ್ಟಾಗ ಅನುಭಾವವೂ ತಿದ್ದುಪಡಿಗೆ ಕಾಯಬೇಕಾದೀತು.

ಹಾಗಾದರೆ ಸಂವಾದವು ವ್ಯರ್ಥವೇ? ಅಲ್ಲ. ಮುಂಡಗೋಡದ ಭಿಕ್ಷುಗಳು ಅಂಗಳದಲ್ಲಿ ನಿಂತು, ಕೈ ತಟ್ಟಿ, ಒಬ್ಬರ ವಾದವನ್ನು ಒಬ್ಬರು ಕೆದಕುವರು. 'ಈ ಮಾತಿನಿಂದ ನೀನು ಏನನ್ನು ಹೇಳುತ್ತಿರುವೆ?' ಎಂಬ ಪ್ರಶ್ನೆಯೇ ವಿದ್ಯೆಯ ಬಾಗಿಲು. ಅನುಭವಮಂಟಪದ ಪರಂಪರೆಯವರಿಗೆ ಆ ಬಾಗಿಲು ಹೊಸದಲ್ಲ. ಅದನ್ನು ಮುಚ್ಚಗೊಡದಿರುವುದೇ ಮಠದ ಮಕ್ಕಳ ಹೊಣೆ.