ಎಲೆಕ್ಟ್ರಿಷಿಯನ್ ಟ್ರೇಡ್: ಖರ್ಚೆಷ್ಟು, ಸಂಬಳವೆಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ನನಗೆ ‘ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳು’ ಎಂಬ ವಿಷಯ ಕೊಟ್ಟಿದ್ದರು. ಅವರ ಒಪ್ಪಿಗೆ ಪಡೆದೇ ಅದನ್ನು ಬದಲಿಸಿದ್ದೇನೆ. ಕಾರಣ ಇಷ್ಟೇ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಊರಿನಿಂದ ನನಗೆ ಫೋನ್ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರ ಪ್ರಶ್ನೆ ಬಿಇ ಬಗ್ಗೆ ಇರುವುದಿಲ್ಲ. ‘ಹುಡುಗನನ್ನು ಐಟಿಐ ಎಲೆಕ್ಟ್ರಿಷಿಯನ್‌ಗೆ ಹಾಕೋಣ ಅಂತಿದ್ದೀವಿ, ಹಾಕಿದ ದುಡ್ಡು ವಾಪಸ್ ಬರುತ್ತೇನಪ್ಪಾ?’ ಎನ್ನುತ್ತಾರೆ. ಇದಕ್ಕೆ ಫೋನಿನಲ್ಲಿ ಎರಡು ಮಾತಿನ ಉತ್ತರ ಸಾಲದು. ಇವತ್ತು ಲೆಕ್ಕ ಹಾಕಿಯೇ ಹೇಳುತ್ತೇನೆ.

ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ವಿಜ್ಞಾನ, ಗಣಿತ ಇದ್ದು ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಸರ್ಕಾರಿ ಐಟಿಐನಲ್ಲಿ ಶುಲ್ಕ ತೀರಾ ಕಡಿಮೆ. ಬಸ್ ಪಾಸು, ಯೂನಿಫಾರ್ಮು, ಪುಸ್ತಕ, ಕಟಿಂಗ್ ಪ್ಲೇಯರ್, ಟೆಸ್ಟರ್, ಮಧ್ಯಾಹ್ನದ ಊಟ, ಎಲ್ಲ ಸೇರಿಸಿ ವರ್ಷಕ್ಕೆ 20,000 ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ 40,000. ನಮ್ಮವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ದೊಡ್ಡ ಖರ್ಚು ಕೈಯಿಂದ ಕೊಡುವುದಲ್ಲ, ಮನೆಗೆ ಬಾರದೇ ಇರುವುದು. ಹುಡುಗ ಓದದೆ ಗಾರೆ ಕೆಲಸಕ್ಕೋ ತೆಂಗಿನಕಾಯಿ ಲೋಡಿಗೋ ಹೋಗಿದ್ದರೆ ದಿನಕ್ಕೆ 500ರಂತೆ ತಿಂಗಳಿಗೆ 20 ದಿನ, 10,000 ರೂಪಾಯಿ. ಎರಡು ವರ್ಷಕ್ಕೆ 2,40,000. (ಹದಿನಾರರ ಹುಡುಗನನ್ನು ಕೂಲಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಾಲ ಇರುವ ಮನೆಯಲ್ಲಿ ಅಪ್ಪನ ತಲೆಯಲ್ಲಿ ಓಡುವ ಲೆಕ್ಕ ಇದೇ. ಅದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ.) ಅಲ್ಲಿಗೆ ಸರ್ಟಿಫಿಕೇಟಿನ ನಿಜವಾದ ಬೆಲೆ 2,80,000 ರೂಪಾಯಿ.

ಈಗ ಸಂಬಳ. ಬರೀ ಸರ್ಟಿಫಿಕೇಟ್ ಹಿಡಿದು ಸೀದಾ ಕೆಲಸ ಹುಡುಕಿದ ನಮ್ಮೂರ ಹುಡುಗರು ಕಾಂಟ್ರ್ಯಾಕ್ಟರ್ ಕೈಕೆಳಗೆ ಹೆಲ್ಪರ್ ಆಗಿ ಸೇರಿದ್ದಾರೆ. ಅವರು ನನಗೆ ಹೇಳಿದ ಸಂಬಳ 12,000ದ ಆಸುಪಾಸು. ಕೂಲಿಗಿಂತ 2,000 ಹೆಚ್ಚು. 2,80,000ವನ್ನು ಎರಡೆರಡು ಸಾವಿರದಂತೆ ತೀರಿಸಲು 140 ತಿಂಗಳು, ಅಂದರೆ ಹನ್ನೊಂದೂವರೆ ವರ್ಷಕ್ಕೂ ಮೇಲೆ. ‘ಐಟಿಐ ಮಾಡಿ ಏನೂ ಉಪಯೋಗ ಆಗಲಿಲ್ಲ’ ಎಂದು ಅರಳಿಕಟ್ಟೆಯಲ್ಲಿ ಕೇಳಿಬರುವ ಮಾತು ಸುಳ್ಳಲ್ಲ.

ಆದರೆ ಅದೇ ಹುಡುಗ ಇನ್ನೊಂದು ವರ್ಷ ಅಪ್ರೆಂಟಿಸ್ ಮಾಡಿದನೆನ್ನಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿ ಅವನಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000 ಎಂದು ಗೊತ್ತುಮಾಡಿದರು. ಊರು ಬಿಟ್ಟು ರೂಮು ಮಾಡಿದರೆ ಅದು ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ, ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಕೂಲಿಗೆ ಹೋಲಿಸಿದರೆ ತಿಂಗಳಿಗೆ 3,000 ಕಡಿಮೆ, ವರ್ಷಕ್ಕೆ 36,000. ಒಟ್ಟು ಹೂಡಿಕೆ 3,16,000ಕ್ಕೆ ಏರಿತು. ಆದರೆ ಅಪ್ರೆಂಟಿಸ್ ಪರೀಕ್ಷೆ ಮುಗಿಸಿ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ ಸೇರಿದವರು ಹೇಳುವ ಸಂಬಳ 16ರಿಂದ 18 ಸಾವಿರ. 17,000 ಎಂದು ಹಿಡಿದರೂ ಕೂಲಿಗಿಂತ 7,000 ಹೆಚ್ಚು. 45 ತಿಂಗಳಿನ ಸುಮಾರಿಗೆ ಹಾಕಿದ್ದೆಲ್ಲ ವಾಪಸ್. ಹುಡುಗನಿಗೆ ಆಗ 23 ವರ್ಷ.

ಹನ್ನೊಂದೂವರೆ ವರ್ಷ ಎಲ್ಲಿ, ನಾಲ್ಕು ವರ್ಷಕ್ಕೂ ಕಡಿಮೆ ಎಲ್ಲಿ! ನಡುವೆ ಇರುವುದು ಒಂದೇ ಒಂದು ವರ್ಷ. ಆ ವರ್ಷದಲ್ಲೇ ಮನೆಯವರು ‘ಸಾಕು, ಇನ್ನು ದುಡಿ’ ಎನ್ನುವುದು.

ನನ್ನ ಜೊತೆ ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನೊಬ್ಬ ಈಗ ಪೀಣ್ಯದಲ್ಲಿದ್ದಾನೆ. ನಾನು ಪಿಯುಸಿ, ಬಿಇ ಎಂದು 6 ವರ್ಷ ಓದಿದೆ. ಅವನು ಐಟಿಐ, ಅಪ್ರೆಂಟಿಸ್ ಸೇರಿ 3 ವರ್ಷ. ನಾನಿನ್ನೂ ಬಿಇ ಎರಡನೇ ವರ್ಷದಲ್ಲಿರುವಾಗ ಅವನು ತಂಗಿಯ ಮದುವೆಗೆ ದುಡ್ಡು ಕೂಡಿಸುತ್ತಿದ್ದ. ಇವತ್ತು ನನ್ನ ಸಂಬಳ ಅವನದಕ್ಕಿಂತ ಹೆಚ್ಚು, ಅದನ್ನು ಮರೆಮಾಚುವುದಿಲ್ಲ. ಅವನಿಗೆ ಶಿಕ್ಷಣ ಸಾಲವಿರಲಿಲ್ಲ, ನನಗಿತ್ತು. ಅಪ್ರೆಂಟಿಸ್ ವರ್ಷದಲ್ಲಿ ಏನು ಕಲಿತೆ ಎಂದು ಒಮ್ಮೆ ಕೇಳಿದೆ. ‘ಐಟಿಐನಲ್ಲಿ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಬೋರ್ಡ್ ಮೇಲೆ ಬರೆದೆವು. ಇಲ್ಲಿ ರಾತ್ರಿ ಪಾಳಿಯಲ್ಲಿ ಮೋಟಾರ್ ಟ್ರಿಪ್ ಆಗಿ ಲೈನ್ ನಿಂತಾಗ ನಾಲ್ಕು ಜನ ನನ್ನ ಮುಖ ನೋಡ್ತಿದ್ರು’ ಎಂದ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಬೆಸ್ಕಾಂನಲ್ಲಿ ಲೈನ್‌ಮ್ಯಾನ್ ಆಗಲೆಂದೇ ಮಗನನ್ನು ಐಟಿಐಗೆ ಹಾಕುತ್ತಾರೆ. ಕೆಪಿಟಿಸಿಎಲ್ 2024ರಲ್ಲಿ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಜೊತೆಗೆ ಕಂಬ ಹತ್ತುವ ಪರೀಕ್ಷೆ. ಆದ್ದರಿಂದ ಮಕ್ಕಳೇ, ಪವರ್‌ಮ್ಯಾನ್ ಆಗಬೇಕೆಂದಿದ್ದರೆ ಈ ವರ್ಷದ ಅಂಕಗಳನ್ನು ಹಗುರವಾಗಿ ನೋಡಬೇಡಿ. ಐಟಿಐ ಕೇಳುವ ಸರ್ಕಾರಿ ಕೆಲಸ ರೈಲ್ವೆಯಲ್ಲಿದೆ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ ಆದವರು ಅರ್ಜಿ ಹಾಕಬಹುದು, ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲವೇತನ 19,900. ಪೈಪೋಟಿ ಮಾತ್ರ ದೇಶದ್ದು.

‘ನಮ್ಮೂರ ಮೋಟಾರ್ ವೈಂಡಿಂಗ್ ಮಾಡುವವನು ಯಾವ ಐಟಿಐ ಓದಿದ್ದಾನೆ? ಬೇಸಿಗೆಯಲ್ಲಿ ದಿನಕ್ಕೆ ಎರಡು ಸಾವಿರ ಎಣಿಸುತ್ತಾನೆ’ ಎಂದು ಯಾರೋ ಹಿಂದೆ ಗೊಣಗಿದ್ದು ಕೇಳಿಸಿತು. ನಿಜ. ಬೋರ್‌ವೆಲ್ ಮೋಟಾರ್ ಸುಟ್ಟ ರಾತ್ರಿ ನಾವೆಲ್ಲ ಓಡುವುದು ಅವರ ಮನೆಗೇ. ಅವರ ಕೈಚಳಕ ಯಾವ ಕಾಲೇಜೂ ಕಲಿಸದು. ಆದರೆ ವೈರಿಂಗ್ ಗುತ್ತಿಗೆ ಹಿಡಿಯಲು ಲೈಸೆನ್ಸ್ ಬೇಕು. ಕೆಲಸ ಮಾಡುವವರಿಗೂ ಮಾಡಿಸುವವರಿಗೂ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಬೇಕು. ಊರಲ್ಲಿ ಹೊಸ ಮನೆಗೆ ವೈರಿಂಗ್ ಮಾಡುವವನು ಇವರು, ಮೀಟರಿಗೆ ಕೊಡುವ ಕಾಗದಕ್ಕೆ ಸಹಿ ಹಾಕಿ ದುಡ್ಡು ಪಡೆಯುವವನು ಪೇಟೆಯ ಲೈಸೆನ್ಸುದಾರ. ಸಹಿಯ ಹಕ್ಕಿನ ದಾರಿ ಸರ್ಟಿಫಿಕೇಟಿನಿಂದ ಶುರುವಾಗುತ್ತದೆ. ಲೈನ್ ಕ್ಲಿಯರ್ ತೆಗೆದುಕೊಳ್ಳದೆ ಟಿಸಿ ಮೇಲೆ ಕೈಯಿಟ್ಟು ಸುಟ್ಟುಕೊಂಡವರನ್ನು ಈ ಸಭೆಯಲ್ಲಿರುವ ಬಹಳ ಜನ ಕಂಡಿದ್ದೀರಿ. ಪಿಎಫ್, ಇಎಸ್‌ಐ ಇಲ್ಲದ ಕೆಲಸದಲ್ಲಿ ಕೈ ಸುಟ್ಟರೆ ಆಸ್ಪತ್ರೆ ಖರ್ಚು ಮನೆಯವರದೇ. ಸಂಬಳ ಕೇಳುವಾಗ ಇದನ್ನೂ ಕೇಳಿ.

ಖಾಸಗಿ ಐಟಿಐಗೆ ಸೇರಿಸುವವರು ಶುಲ್ಕ ಕಟ್ಟುವ ಮೊದಲು ಒಂದು ದಿನ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಮೋಟಾರುಗಳ ಮೇಲೆ ಧೂಳಿದೆಯೋ ಗ್ರೀಸ್ ಇದೆಯೋ ಅದೇ ಹೇಳುತ್ತದೆ. ಮಾನ್ಯತೆ ಸಂಸ್ಥೆಗಿದ್ದರೆ ಸಾಲದು, ಎಲೆಕ್ಟ್ರಿಷಿಯನ್ ಟ್ರೇಡಿಗೇ ಇರಬೇಕು. ‘ಹಾಜರಾತಿ ನಾವು ನೋಡಿಕೊಳ್ತೀವಿ, ಪರೀಕ್ಷೆಗೆ ಬಂದರೆ ಸಾಕು’ ಎಂದರೆ ಎದ್ದು ಬನ್ನಿ. ಅಂಥ ಕಡೆ 60,000 ಹೆಚ್ಚಿಗೆ ಕಟ್ಟಿದರೆ ನಾನು ಹೇಳಿದ 45 ತಿಂಗಳಿಗೆ ಇನ್ನೂ ಎಂಟೊಂಬತ್ತು ತಿಂಗಳು ಸೇರಿಸಬೇಕು, ಅದೂ ಹುಡುಗ ಕೆಲಸ ಕಲಿತಿದ್ದರೆ.

ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ಒಂದು ಮಾತು. ಕಂಬ ಹತ್ತುವುದಷ್ಟೇ ಈ ಟ್ರೇಡ್ ಅಲ್ಲ. ಪ್ಯಾನಲ್ ಬೋರ್ಡ್ ಜೋಡಿಸುವ ಕಾರ್ಖಾನೆಗಳಲ್ಲಿ ಹುಡುಗಿಯರು ವೈರಿಂಗ್ ಮಾಡುವುದನ್ನು ನಾನೇ ನೋಡಿದ್ದೇನೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಖರ್ಚೂ ಇಲ್ಲ.

ಮುಂದೆ ಓದುವ ಮನಸ್ಸಿದ್ದರೆ ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೀಗೇ ಬಂದವರು, ಸರ್ಕ್ಯೂಟ್ ವಿಷಯ ಬಂದರೆ ನಾವೆಲ್ಲ ಅವರ ಮೇಜಿಗೆ ಹೋಗುತ್ತೇವೆ.

ನಾನು ಹೇಳಿದ ಕೂಲಿ, ಸಂಬಳ ನಿಮ್ಮ ಮನೆಗೆ ಹೊಂದದಿರಬಹುದು. ಊಟವಾದ ಮೇಲೆ ಹತ್ತನೇ ‘ಬಿ’ ಕೊಠಡಿಯಲ್ಲಿ ಸಂಜೆ ಐದರವರೆಗೆ ಕುಳಿತಿರುತ್ತೇನೆ, ಪೀಣ್ಯದ ಗೆಳೆಯನೂ ಬಂದಿದ್ದಾನೆ. ನಿಮ್ಮ ನಿಮ್ಮ ಅಂಕಿಗಳನ್ನು ತನ್ನಿ, ಕಪ್ಪು ಹಲಗೆಯ ಮೇಲೆ ಬರೆದು ಕೂಡಿಸೋಣ.