ಷಟ್ಚಕ್ರಗಳೂ ದಿನನಿತ್ಯದ ಬಾಳೂ



ಮಾತನ್ನು ಮಾರಿ ಹೊಟ್ಟೆ ಹೊರೆಯುವ ಕಸುಬುಗಳಲ್ಲಿ ಅಧ್ಯಾಪಕ ವೃತ್ತಿಯೂ ಒಂದು. ಇಪ್ಪತ್ತು ವರ್ಷಗಳಿಂದ ನಾನು ಕಾಲೇಜಿನಲ್ಲಿ ಈ ವ್ಯಾಪಾರವನ್ನು ನಡೆಸಿಕೊಂಡು ಬಂದಿದ್ದೇನೆ. ಎರಡು ವರ್ಷಗಳ ಹಿಂದೆ ಒಂದು ದಿನ ಪಾಠದ ನಡುವೆಯೇ ನನ್ನ ಧ್ವನಿ ನಿಂತುಹೋಯಿತು. ತುಟಿಗಳು ಆಡುತ್ತಿದ್ದುವು, ಶಬ್ದ ಮಾತ್ರ ಹೊರಡಲಿಲ್ಲ. ಹಿಂದಿನ ಬೆಂಚಿನವರು ಮೊದಲು ನಕ್ಕರು. ಆಮೇಲೆ ಅವರೇ ಎದ್ದುಹೋಗಿ ನೀರು ತಂದುಕೊಟ್ಟರು. ಮಾರನೆಯ ದಿನದಿಂದ ಒಡೆದ ಕೊಳಲಿನಂಥ ಸ್ವರವೊಂದು ಉಳಿಯಿತೇ ಹೊರತು ನನ್ನ ಕಂಠ ನನ್ನದಾಗಿರಲಿಲ್ಲ.

ಇಂಥ ಸಮಯದಲ್ಲಿ ಹಿತೈಷಿಗಳಿಗೆ ಬರವಿಲ್ಲವಷ್ಟೆ. ಒಬ್ಬರು, “ನಿಮ್ಮ ವಿಶುದ್ಧಚಕ್ರ ಮುಚ್ಚಿಕೊಂಡಿದೆ, ನೀಲಿಯ ಹರಳೊಂದನ್ನು ಕೊರಳಿಗೆ ಕಟ್ಟಿಕೊಳ್ಳಿ” ಎಂದರು. ಇನ್ನೊಬ್ಬರು, “ಚಕ್ರಗಿಕ್ರವೆಲ್ಲ ಬರಿಯ ಬೂಟಾಟಿಕೆ, ವೈದ್ಯರ ಬಳಿಗೆ ಹೋಗಿ” ಎಂದರು. ನಾನು ಇಬ್ಬರ ಮಾತನ್ನೂ ನಡೆಸಿದೆನು, ಆದರೆ ಕ್ರಮವನ್ನು ತಪ್ಪಿಸಿದೆನು. ಹರಳು ಮೊದಲು, ವೈದ್ಯರು ಮೂರು ತಿಂಗಳ ಮೇಲೆ! ಅವರು ಗಂಟಲಿನೊಳಗೆ ನಳಿಗೆಯನ್ನಿಳಿಸಿ ನೋಡಿ, ಸ್ವರತಂತುಗಳ ಮೇಲೆ ಚಿಕ್ಕ ಗಂಟುಗಳೆದ್ದಿವೆ, ವರ್ಷಗಟ್ಟಲೆ ಕೂಗಿದುದರ ಫಲವಿದು ಎಂದರು. ಗಂಟಲು ಕಟ್ಟಿ ಮೂರು ವಾರಗಳಾದರೂ ಬಿಡದಿದ್ದರೆ ಒಮ್ಮೆ ತೋರಿಸಲೇಬೇಕೆಂದೂ, ಇದಕ್ಕಿಂತ ಕೆಟ್ಟದ್ದೂ ಇರಬಹುದಾಗಿತ್ತೆಂದೂ ಗದರಿಸಿದರು. ಆ ಮೂರು ತಿಂಗಳನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಹಾಗಾದರೆ ಚಕ್ರಗಳ ಮಾತೆಲ್ಲವೂ ಸುಳ್ಳೆ? ಧ್ವನಿಯಿಲ್ಲದ ಆ ದಿನಗಳಲ್ಲಿ ಪುಸ್ತಕ ಓದುವುದಲ್ಲದೆ ನನಗೆ ಬೇರೆ ಕೆಲಸವಿರಲಿಲ್ಲ. ಈ ಪ್ರಶ್ನೆಯನ್ನೇ ಹಿಡಿದುಕೊಂಡು ಕುಳಿತೆನು.

ನನಗಿಂತ ಬಹಳ ದೊಡ್ಡವರೊಬ್ಬರು ಇದನ್ನು ಬಹಳ ನೇರವಾಗಿ ಪರೀಕ್ಷಿಸಿದ್ದರು. ಆರ್ಯಸಮಾಜದ ಸ್ಥಾಪಕರಾದ ದಯಾನಂದ ಸರಸ್ವತಿಗಳು ತರುಣ ಸಂನ್ಯಾಸಿಯಾಗಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದಾಗ ಅವರ ಜೋಳಿಗೆಯಲ್ಲಿ ಹಠಯೋಗದ ಗ್ರಂಥಗಳಿದ್ದುವು. ಹೊಳೆಯಲ್ಲಿ ಹೆಣವೊಂದು ತೇಲಿಬಂದಿತು. ಅವರು ನೀರಿಗಿಳಿದು ಅದನ್ನು ದಡಕ್ಕೆಳೆದು, ಚಾಕುವಿನಿಂದ ಸೀಳಿ, ಗ್ರಂಥದ ವರ್ಣನೆಯೊಡನೆ ಹೋಲಿಸಿ ನೋಡಿದರು. ಕಮಲವೂ ಇರಲಿಲ್ಲ, ದಳವೂ ಇರಲಿಲ್ಲ. ಆ ಪುಸ್ತಕಗಳನ್ನು ಹರಿದು ಹೆಣದೊಂದಿಗೇ ಹೊಳೆಗೆಸೆದರು. ಈ ಕಥೆಯನ್ನು ತಮ್ಮ ಆತ್ಮವೃತ್ತದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವರು ಹುಡುಕಿದ್ದು ತಪ್ಪು ಜಾಗದಲ್ಲಿ ಎಂದು ನನ್ನ ಬಡ ಅಭಿಪ್ರಾಯ. ನಾಡಿನ ನಕಾಶೆಯಲ್ಲಿ ಎಳೆದ ಅಕ್ಷಾಂಶದ ಗೆರೆಯನ್ನು ಗುದ್ದಲಿ ಹಿಡಿದು ಅಗೆದರೆ ಸಿಕ್ಕೀತೆ? ಸಿಕ್ಕದ ಮಾತ್ರಕ್ಕೆ ನಕಾಶೆಯು ನಿರುಪಯೋಗಿಯಾದೀತೆ?

ನಕಾಶೆಯೆಂದು ಸುಮ್ಮನೆ ಹೇಳಲಿಲ್ಲ. ಚಕ್ರಗಳ ಸಂಖ್ಯೆಯೇ ಎಲ್ಲ ಗ್ರಂಥಗಳಲ್ಲಿಯೂ ಒಂದಾಗಿಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ನಾಭಿಚಕ್ರವೊಂದರ ಹೆಸರು ಮಾತ್ರ ಬರುತ್ತದೆ. ಈಗ ಎಲ್ಲರ ಬಾಯಲ್ಲಿರುವ ಆರು ಚಕ್ರಗಳ ಮತ್ತು ಅವುಗಳ ಮೇಲಿನ ಸಹಸ್ರಾರದ ವರ್ಣನೆಯು ತಂತ್ರಶಾಸ್ತ್ರಗಳಲ್ಲಿ ಬೆಳೆದುಬಂದದ್ದು. ವಂಗದೇಶದ ಪೂರ್ಣಾನಂದಯತಿಯು 1577ರಲ್ಲಿ ಬರೆದ ಷಟ್ಚಕ್ರನಿರೂಪಣವನ್ನು ಸರ್ ಜಾನ್ ವುಡ್ರಫ್ ಎಂಬ ಕಲ್ಕತ್ತೆಯ ನ್ಯಾಯಾಧೀಶರು 1919ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಅದು ಜಗತ್ತಿಗೆಲ್ಲ ಹರಡಿತು. ಕಾಮನಬಿಲ್ಲಿನ ಏಳು ಬಣ್ಣಗಳನ್ನು ಏಳು ಚಕ್ರಗಳಿಗೆ ಹಂಚಿದ್ದು ಪಶ್ಚಿಮದವರು, ಅದೂ 20ನೆಯ ಶತಮಾನದಲ್ಲಿ. ಪೂರ್ಣಾನಂದನು ಕಂಠದ ಕಮಲಕ್ಕೆ ಹೇಳುವುದು ಹೊಗೆಯ ಬಣ್ಣವನ್ನು. ನನ್ನ ನೀಲಿ ಹರಳಿಗೆ ಅಲ್ಲಿ ಆಧಾರವಿಲ್ಲ!

ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯು ನನ್ನನ್ನು ತಡೆದು ನಿಲ್ಲಿಸಿತು. ಮೂಲಾಧಾರಕ್ಕೆ 4 ದಳಗಳು, ಸ್ವಾಧಿಷ್ಠಾನಕ್ಕೆ 6, ಮಣಿಪೂರಕ್ಕೆ 10, ಅನಾಹತಕ್ಕೆ 12, ವಿಶುದ್ಧಕ್ಕೆ 16, ಆಜ್ಞೆಗೆ 2, ಕೂಡಿಸಿದರೆ 50. ಸಂಸ್ಕೃತ ವರ್ಣಮಾಲೆಯ ಅಕ್ಷರಗಳೂ ಐವತ್ತೇ. ಒಂದೊಂದು ದಳದ ಮೇಲೆ ಒಂದೊಂದು ಅಕ್ಷರ. ಕಂಠದ ಹದಿನಾರು ದಳಗಳಲ್ಲಿ ಹದಿನಾರು ಸ್ವರಗಳು. ಅಲ್ಲಿಂದ ಕೆಳಗಿಳಿದರೆ ಹೃದಯದಲ್ಲಿ ಕಕಾರದಿಂದ ಠಕಾರದವರೆಗೆ, ನಾಭಿಯಲ್ಲಿ ಡಕಾರದಿಂದ ಫಕಾರದವರೆಗೆ, ಅದರ ಕೆಳಗೆ ಬಕಾರದಿಂದ ಲಕಾರದವರೆಗೆ, ಬುಡದಲ್ಲಿ ವ, ಶ, ಷ, ಸ. ಹಕಾರ ಕ್ಷಕಾರಗಳು ಹುಬ್ಬುಗಳ ನಡುವೆ. ನಾವು ಮರಳಿನ ಮೇಲೆ ತಿದ್ದಿದ ಅಕ್ಷರಮಾಲೆಯನ್ನೇ ಯಾರೋ ದೇಹದುದ್ದಕ್ಕೂ ತೂಗುಹಾಕಿದ್ದಾರೆ. ಇದು ಅಂಗರಚನೆಯ ಶಾಸ್ತ್ರವಲ್ಲ, ಧ್ಯಾನಕ್ಕಾಗಿ ಮಾಡಿಕೊಂಡ ವ್ಯವಸ್ಥೆ. ಅಲೆಯುವ ಮನಸ್ಸನ್ನು ಹಿಡಿದು, “ಈಗ ಇಲ್ಲಿ ನಿಲ್ಲು, ಈಗ ಇಲ್ಲಿ” ಎಂದು ಮೈಯೊಳಗೆ ನಡೆಸಿಕೊಂಡು ಹೋಗತಕ್ಕ ದಾರಿ. ಕಂಠದ ಚಕ್ರಕ್ಕೆ ತತ್ತ್ವವು ಆಕಾಶ. ಈ ಊರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಾರಂಭಿಸಿದ ಬಾನುಲಿಗೆ ಸಂದ ಹೆಸರನ್ನು ಇಲ್ಲಿ ನೆನೆಯದಿರಲಾರೆ.

ಮೈಸೂರಿನವರಾದ ನಮಗೆ ಯೋಗವು ದೂರದ ವಸ್ತುವೇನೂ ಅಲ್ಲ. ಹಠಯೋಗಪ್ರದೀಪಿಕೆಯು ಸ್ಮರಿಸುವ ಸಿದ್ಧರ ಸಾಲಿನಲ್ಲಿ ನಮ್ಮ ಅಲ್ಲಮಪ್ರಭುವಿನ ಹೆಸರಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರ ಯೋಗಮಕರಂದವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಇಂದು ಪ್ರಪಂಚದ ನಗರಗಳಲ್ಲಿ ಬೇರೆಬೇರೆ ಯೋಗವೆಂದು ಹೆಸರಾಗಿರುವ ಎಷ್ಟೋ ಪದ್ಧತಿಗಳು ಆ ಒಂದೇ ಶಾಲೆಯ ಕವಲುಗಳು. ಹಾಸನ ಸೀಮೆಯ ಪಟ್ಟಾಭಿ ಜೋಯಿಸರು ಉಸಿರಿನ ಎಣಿಕೆಗೆ ಮೈಯನ್ನು ಕಟ್ಟಿ, ಒಂದಾಸನದಿಂದ ಇನ್ನೊಂದಕ್ಕೆ ಹರಿಯುವ ಕ್ರಮವನ್ನು ಕಲಿಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗದಿಂದ ನವೆದವರು. 1937ರಲ್ಲಿ ಪುಣೆಗೆ ಹೋಗಿ ನಿಂತು, ಮೂಳೆ ಮೂಳೆಯ ನಿಲುವನ್ನೂ ಅಳೆದು ನೋಡುವ, ಬಾಗಲಾರದವನಿಗೆ ಮರದ ದಿಮ್ಮಿ ಹಗ್ಗಗಳ ಊರೆ ಕೊಡುವ ಪದ್ಧತಿಯನ್ನು ಬೆಳೆಸಿದರು. ಆಚಾರ್ಯರ ಮಗ ದೇಶಿಕಾಚಾರ್ಯರು ಮದರಾಸಿನಲ್ಲಿ ಒಬ್ಬೊಬ್ಬನ ಪ್ರಕೃತಿಗೆ ತಕ್ಕಂತೆ ಅಭ್ಯಾಸವನ್ನು ಹೊಂದಿಸಿ ಕೊಟ್ಟರು.

ಇವುಗಳಲ್ಲಿ ಯಾವುದು ಮೇಲು ಎಂಬ ಜಗಳ ನನಗೆ ಬೇಡ. ಇಪ್ಪತ್ತರ ಹರೆಯದವರಿಗೆ ಜೋಯಿಸರ ದಾರಿ ಹಿಡಿಸೀತು. ಇಡೀ ದಿನ ಕುರ್ಚಿಯಲ್ಲಿ ಕುಳಿತು ಬೆನ್ನು ಬಾಗಿದ ನನ್ನ ವಯಸ್ಸಿನವರಿಗೆ ಅಯ್ಯಂಗಾರ್ಯರ ದಿಮ್ಮಿಯಲ್ಲಿ ದಯೆಯಿದೆ. ರಕ್ತದ ಒತ್ತಡ ಹೆಚ್ಚಿರುವವರು, ಕಣ್ಣಿನೊಳಗಿನ ಒತ್ತಡವುಳ್ಳವರು, ಕತ್ತಿನ ನೋವಿನವರು ಶೀರ್ಷಾಸನದ ಗೊಡವೆಗೆ ಹೋಗಬಾರದು. ನೆರೆಮನೆಯವರು ಎಷ್ಟೇ ಹೊಗಳಲಿ.

ಮತ್ತೆ ನನ್ನ ಗಂಟಲಿಗೆ ಬರುತ್ತೇನೆ. ವೈದ್ಯರು ಮೌನವನ್ನು ವಿಧಿಸಿ, ಮಾತನಾಡುವ ರೀತಿಯನ್ನೇ ಹೊಸದಾಗಿ ಕಲಿಸುವ ಒಬ್ಬ ಶಿಕ್ಷಕಿಯ ಬಳಿಗೆ ಕಳುಹಿಸಿದರು. ಆಕೆಯ ಮೊದಲ ಪಾಠ ಗಂಟಲಿನದಲ್ಲ. “ಸರಿಯಾಗಿ ಕುಳಿತುಕೊಳ್ಳಿ, ಹೊಟ್ಟೆಯಿಂದ ಉಸಿರೆಳೆಯಿರಿ, ಎದೆಯನ್ನು ಸಡಿಲಿಸಿ, ಆಮೇಲೆ ಸ್ವರ” ಎಂದರು. ಆಸನದ ಬುಡ, ನಾಭಿ, ಹೃದಯ, ಕಂಠ! ಯಾವ ತಂತ್ರವನ್ನೂ ಓದದ ಆಕೆಯ ಬಾಯಿಂದ ಅದೇ ಏಣಿಯ ಮೆಟ್ಟಿಲುಗಳು ಕೆಳಗಿನಿಂದ ಮೇಲಕ್ಕೆ ಬಂದುವು. ಇದು ನನ್ನ ಹೋಲಿಕೆ. ಶಾಸ್ತ್ರಜ್ಞರು ಒಪ್ಪದಿದ್ದರೆ ತಪ್ಪು ನನ್ನದು. ಆದರೂ ಅಂದಿನಿಂದ ಮುಂಜಾನೆ ಹದಿನೈದು ನಿಮಿಷ ಇದೇ ನನ್ನ ಯೋಗಾಭ್ಯಾಸ. ಕುಳಿತ ಜಾಗದಲ್ಲಿ ಮೈಯ ಭಾರವು ಎರಡು ಕಡೆಗೂ ಸಮನಾಗಿದೆಯೇ ಎಂದು ನೋಡುತ್ತೇನೆ. ಮನಸ್ಸನ್ನು ನಾಭಿಗೆ ತಂದು ಹೊಟ್ಟೆಯ ಏರಿಳಿತವನ್ನು ಗಮನಿಸುತ್ತೇನೆ. ಎದೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಹಿಂದಿನ ದಿನದ ಸಿಟ್ಟೆಲ್ಲ ಅಲ್ಲಿಯೇ ಕುಳಿತಿರುತ್ತದೆ. ಉಸಿರನ್ನು ಬಲವಂತದಿಂದ ಕಟ್ಟುವುದಿಲ್ಲ.

ಸಾಧಾರಣವಾಗಿ ನಾವು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತೇವೆ. ಜಪಸರವನ್ನಾಗಲಿ ಮಂತ್ರವನ್ನಾಗಲಿ ಹೇಳುವವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕಿಳಿಯುತ್ತದೆಂದೂ, ಆಗ ಹೃದಯದ ಬಡಿತವೂ ರಕ್ತದೊತ್ತಡದ ಏರಿಳಿತವೂ ಒಂದು ಲಯಕ್ಕೆ ಬರುತ್ತವೆಂದೂ ಇಟಲಿಯ ವೈದ್ಯರು 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದವರು 23 ಮಂದಿ ಮಾತ್ರ. ಅದರ ಮೇಲೆ ಅರಮನೆಯನ್ನು ಕಟ್ಟಲಾಗದು. ನಿಧಾನವಾದ ಉಸಿರು ದೇಹವನ್ನು ಶಾಂತಗೊಳಿಸುತ್ತದೆಂಬಷ್ಟನ್ನು ನನ್ನ ಅನುಭವವೂ ಹೇಳುತ್ತದೆ.

ಕೊನೆಗೆ ಕಂಠ. ಅಲ್ಲಿ ಹದಿನಾರು ಸ್ವರಗಳನ್ನು ಒಂದೊಂದು ಉಸಿರಿಗೆ ಒಂದರಂತೆ, ಮೆಲ್ಲಗೆ, ಅಕಾರದಿಂದ ಮೊದಲುಮಾಡಿ ಹೇಳುತ್ತೇನೆ. ಮೊದಲ ತಿಂಗಳು ಈಕಾರದ ಹೊತ್ತಿಗೆ ಸ್ವರ ಒಡೆಯುತ್ತಿದ್ದಿತು. ಆರು ತಿಂಗಳಾಗುವ ವೇಳೆಗೆ ಗಂಟುಗಳು ಕರಗಿವೆಯೆಂದು ವೈದ್ಯರು ಹೇಳಿದರು. ಆ ಕೀರ್ತಿಯು ಮೌನಕ್ಕೂ ಶಿಕ್ಷಕಿಗೂ ಸಲ್ಲತಕ್ಕದ್ದು. ನೀಲಿಯ ಹರಳು ಮೇಜಿನ ಮೇಲೆ ಕಾಗದಗಳು ಹಾರದಂತೆ ಕುಳಿತಿದೆ. ಈ ಭಾಷಣಕ್ಕೆ ಬರುವ ಮುನ್ನ ಇವತ್ತೂ ಹದಿನಾರನ್ನೂ ಹೇಳಿ ಬಂದಿದ್ದೇನೆ.