ಆಂಗ್ಲ ವ್ಯಾಕರಣವೂ ನಮ್ಮ ಅಲಂಕಾರಶಾಸ್ತ್ರವೂ



ನಮ್ಮ ವಿದ್ಯಾರ್ಥಿಗಳಲ್ಲಿ ವಿಭಕ್ತಿಪ್ರತ್ಯಯಗಳನ್ನು ತಡೆಯಿಲ್ಲದೆ ಹೇಳಬಲ್ಲವರೂ ಉಪಮೆಯ ನಾಲ್ಕು ಅಂಗಗಳನ್ನು ಬಿಡಿಸಿ ತೋರಬಲ್ಲವರೂ ಇದ್ದಾರೆ. ಅವರೇ ಇಂಗ್ಲಿಷ್ ಪರೀಕ್ಷೆಯೆಂದರೆ ಎದೆಗುಂದುವರು. ನೌನ್, ವರ್ಬ್ ಎಂಬವುಗಳ ಲಕ್ಷಣವಾಕ್ಯಗಳನ್ನು ಕಂಠಪಾಠ ಮಾಡಿರುವರು; ಒಂದು ವಾಕ್ಯವನ್ನು ಮುಂದಿಟ್ಟರೆ ಯಾವುದು ಯಾವುದೆಂದು ತಿಳಿಯದು. ಇದು ಬುದ್ಧಿಮಾಂದ್ಯವಲ್ಲ. ನಮ್ಮ ಶಾಸ್ತ್ರದ ಅಳತೆಗೋಲು ಅಲ್ಲಿ ಎಲ್ಲಿಯವರೆಗೆ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಯಾರೂ ಅವರಿಗೆ ವಿವರಿಸದಿರುವುದೇ ಕಾರಣವು.

ಪದಗಳ ವರ್ಗೀಕರಣವು ಆಂಗ್ಲರ ಸ್ವಂತ ಸೊತ್ತಲ್ಲ. ಯಾಸ್ಕರು ನಾಮ, ಆಖ್ಯಾತ, ಉಪಸರ್ಗ, ನಿಪಾತವೆಂದು ನಾಲ್ಕು ಬಗೆ ಹೇಳಿದರು. ಗ್ರೀಕರು ಎಂಟೆಂದರು, ಆ ಎಣಿಕೆಯು ಲ್ಯಾಟಿನ್ ವ್ಯಾಕರಣಗಳ ಮೂಲಕ ಇಂಗ್ಲೆಂಡಿಗೆ ಬಂದಿತು. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರೆಯ ವ್ಯಾಕರಣದಲ್ಲಿ ಒಂಬತ್ತು ಬಗೆಗಳುಂಟು. ಸಂಖ್ಯೆಗಾಗಿ ಜಗಳವಾಡಬೇಕಾದುದಿಲ್ಲ, ಮುಖ್ಯವಾದ ಭೇದವು ಬೇರೆಡೆಯಲ್ಲಿದೆ.

"ರಾಮನು ಹುಲಿಯನ್ನು ಕೊಂದನು" ಎಂಬುದನ್ನು "ಹುಲಿಯನ್ನು ರಾಮನು ಕೊಂದನು" ಎಂದರೂ ಅರ್ಥವು ಕೆಡದು, ಪ್ರತ್ಯಯವು ಕಾಯುತ್ತದೆ. ಇಂಗ್ಲಿಷಿನ ನಾಮಪದಗಳಲ್ಲಿ ಕರ್ತೃಕರ್ಮಗಳನ್ನು ತೋರುವ ಪ್ರತ್ಯಯವಿಲ್ಲ. ಹೀ, ಹಿಮ್ ಮುಂತಾದ ಸರ್ವನಾಮಗಳಲ್ಲಿ ಮಾತ್ರ ಹಳೆಯ ವಿಭಕ್ತಿಯ ಕುರುಹು ಉಳಿದಿದೆ. "ರಾಮ ಕಿಲ್ಡ್ ದಿ ಟೈಗರ್" ಎಂಬಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ರಾಮನೇ ಹುಲಿಯ ಬಾಯಿಗೆ ಬೀಳುವನು! ಪದದ ಜಾತಿಯೂ ಹಾಗೆಯೇ. "ವಾಟರ್" ಎಂಬುದು ಕುಡಿಯುವ ನೀರಾದಾಗ ನಾಮ; ಗಿಡಕ್ಕೆ ನೀರೆರೆಯುವುದಾದಾಗ ಕ್ರಿಯೆ; ರೂಪವೊಂದೇ. ಆದಕಾರಣ "ಇದು ಯಾವ ಪದ?" ಎಂದು ಕೇಳದೆ, "ಈ ವಾಕ್ಯದಲ್ಲಿ ಇದರ ಕೆಲಸವೇನು?" ಎಂದು ಕೇಳತಕ್ಕದ್ದು.

ಇನ್ನು ಅಲಂಕಾರಗಳು. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ ಎಂದು ಮಕ್ಕಳಿಗೆ ಬರೆಯಿಸುವುದುಂಟು. ಮೊದಲನೆಯದು ಬಹುಮಟ್ಟಿಗೆ ಸರಿ. ಲೈಕ್, ಆಸ್ ಎಂಬವು ನಮ್ಮ "ಅಂತೆ", "ವೊಲ್"ಗಳ ಸ್ಥಾನದಲ್ಲಿವೆ. ಎರಡನೆಯದರ ವ್ಯಾಪ್ತಿಯು ಹಿರಿದು: ಉಪಮೇಯವನ್ನು ನುಂಗಿ ಉಪಮಾನವನ್ನಷ್ಟೇ ಹೇಳುವ ನಮ್ಮ ರೂಪಕಾತಿಶಯೋಕ್ತಿಯೂ ಅದರಲ್ಲಿ ಅಡಗಿದೆ.

ರೂಪಕಕ್ಕೆ ವ್ಯಾಕರಣದ ನಂಟೂ ಇದೆ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ವಚನದಲ್ಲಿ ಕ್ರಿಯಾಪದದ ನೆರವಿಲ್ಲದೆ ಎರಡು ನಾಮಗಳು ಅಭೇದವನ್ನು ಹೊಂದುತ್ತವೆ. ಇಂಗ್ಲಿಷ್ ವಾಕ್ಯಕ್ಕೆ ಸಾಮಾನ್ಯವಾಗಿ ಇಸ್, ಆರ್ ಎಂಬ ಕ್ರಿಯೆ ಬೇಕು. ಎ. ಕೆ. ರಾಮಾನುಜನ್ನರು 1973ರ "ಸ್ಪೀಕಿಂಗ್ ಆಫ್ ಶಿವ" ಗ್ರಂಥದಲ್ಲಿ ಈ ವಚನವನ್ನು ಅನುವಾದಿಸುವಾಗ, ಮೊದಲನೆಯ ರೂಪಕದಲ್ಲಿ "ಆರ್" ಎಂಬುದನ್ನಿಟ್ಟು, ಮುಂದಿನವುಗಳಲ್ಲಿ ಕ್ರಿಯೆಯನ್ನು ಬಿಟ್ಟಿರುವರು. ಮುಂದೆ ಬಿಡುವುದಕ್ಕೂ ಮೊದಲೊಮ್ಮೆ ಹೇಳಬೇಕಾಯಿತೆಂಬುದನ್ನು ಗಮನಿಸಿರಿ. "ನಮ್ಮ ತಂದೆ ರೈತರು" ಎನ್ನುವ ಬಾಲಕನು "ಮೈ ಫಾದರ್ ಎ ಫಾರ್ಮರ್" ಎಂದು ಬರೆದು ಅಂಕ ಕಳೆದುಕೊಳ್ಳುವುದೂ ಈ ಭೇದದಿಂದಲೇ. ಅವನನ್ನು ಗದರಿಸುವ ಉಪಾಧ್ಯಾಯರು ಈ ವಚನವನ್ನೇ ಮುಂದಿಟ್ಟು ತಿಳಿಯಹೇಳಿದರೆ ಲೇಸು.

ಅಲಿಟರೇಷನ್ ಎಂಬ ಅನುಪ್ರಾಸದಲ್ಲಿ ಕಿವಿಯೇ ಪ್ರಮಾಣ. ವೀರನೆಂಬರ್ಥದ "ನೈಟ್" ಪದದ ಕಾಗುಣಿತದಲ್ಲಿ ಮೊದಲು ಕೆ ಅಕ್ಷರವಿದ್ದರೂ ಅದರ ಪ್ರಾಸವು ನಕಾರದೊಡನೆ ಮಾತ್ರ. ನಮ್ಮ ದ್ವಿತೀಯಾಕ್ಷರಪ್ರಾಸವನ್ನು ಅಲ್ಲಿ ಹುಡುಕಬಾರದು.

ಜಡವಸ್ತುವಿಗೆ ಚೇತನವನ್ನು ಆರೋಪಿಸುವ ಪರ್ಸೊನಿಫಿಕೇಷನ್ ನನಗೆ ಬಹು ಪ್ರಿಯವಾದುದು. "ಸಂಜೆ ಬಂದಿತು" ಎಂಬುದು ಬರಿಯ ಸಂಗತಿ. "ಸಂಜೆ ಬಂದಳು" ಎಂದೊಡನೆ ಅವಳಿಗೆ ಮುಖವೂ ನಡಿಗೆಯೂ ಬರುತ್ತವೆ. ನಮ್ಮಲ್ಲಿ ಲಿಂಗವು ಅರ್ಥವನ್ನನುಸರಿಸುವುದರಿಂದ ಒಂದು ಕ್ರಿಯಾಪ್ರತ್ಯಯವೇ ಈ ಕಾರ್ಯವನ್ನು ಮಾಡುತ್ತದೆ. ಇಂಗ್ಲಿಷ್ ಕ್ರಿಯೆಗೆ ಲಿಂಗವಿಲ್ಲ. ಯಾರು ಬಂದರೂ "ಕೇಮ್" ಎಂದೇ. ಅಲ್ಲಿನ ಕವಿಯು ಹೀ, ಷೀ ಎಂಬ ಸರ್ವನಾಮದಿಂದಲೋ, ಹೆಸರಿಗೆ ದೊಡ್ಡಕ್ಷರವನ್ನಿಟ್ಟೋ, ಮನುಷ್ಯೋಚಿತವಾದ ಕ್ರಿಯೆಯನ್ನು ಹೇಳಿಯೋ ಅದನ್ನು ಸೂಚಿಸುವನು. ವಿದ್ಯಾರ್ಥಿಗಳೇ, ನೀವು ಪದ್ಯವನ್ನು ಓದುವಾಗ ಕ್ರಿಯಾಪದದ ಕೊನೆಯನ್ನು ನೋಡುವ ರೂಢಿಯನ್ನು ಬಿಟ್ಟು, ಮೊದಲು ಈ ಮೂರನ್ನು ಹುಡುಕಿರಿ.